ಅವ್ವ ಕೇಳಿದ ಬೇಸಿಗೆ

ಆ ವರ್ಷ ನಾನು ಹೊಟ್ಟೆಪಾಡಿಗಾಗಿ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಮನೆ ಮನೆ ತಿರುಗುತ್ತಿದ್ದೆ. ಅದಕ್ಕೂ ಮೊದಲು ಕೇಳುವ ಬೇರೆ ಪ್ರಶ್ನೆಗಳೂ ಇದ್ದವು: ಗೋಡೆ ಮಣ್ಣಿನದೋ ಸಿಮೆಂಟಿನದೋ, ನೀರು ನಳದ್ದೋ ಬೋರಿನದೋ, ಬಾಜೂ ಮನೆಯವರು ಮದುವೆಗೆ ಕರೆಯುತ್ತಾರೋ ಇಲ್ಲವೋ. ಎಲ್ಲವೂ ಹೋಗಿ ನಿಲ್ಲುತ್ತಿದ್ದುದು ಕೊನೆಯ ಒಂದರ ಮುಂದೆ. ‘ಬಿಟ್ಟು ಬಂದ ಜಾಗಕ್ಕೆ ಮರಳಿ ಹೋಗುವ ಇಚ್ಛೆ ನಿಮಗಿದೆಯೇ?’ ದೂರದ ದೊಡ್ಡ ಊರಿನ ಪ್ರಾಧ್ಯಾಪಕಿಯೊಬ್ಬರು ಬಲವಂತದ ವಲಸೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಊರು ಬಿಡಬೇಕಾಗಿ ಬಂದವರು ಮತ್ತೆ ಮರಳುತ್ತಾರೆಯೇ, ಹೋದ ಊರಿನಲ್ಲಿ ಬೆರೆಯುತ್ತಾರೆಯೇ ಎಂಬುದು ಅವರ ವಿಷಯ. ಅವರು ಮೇಡಂ. ನಾನು ಅವರ ಕಾಲು ಮತ್ತು ಬಾಯಿ.

ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅರ್ಧ ಆಯುಷ್ಯ ಕಳೆದು, ಕೊನೆಗೂ ಅತಿಥಿಯಾಗಿಯೇ ಉಳಿದವಳು ನಾನು. ಐವತ್ತು ದಾಟಿತ್ತು, ಮೊಣಕಾಲು ಆಗಲೇ ತಕರಾರು ಶುರು ಮಾಡಿತ್ತು. ಆದರೂ ಮೇಡಂ ಕರೆದಾಗ ಹೋದೆ, ಏಕೆಂದರೆ ಅವರು ಕೊಡುತ್ತೇನೆಂದ ಪಗಾರ ತಿಂಗಳು ತಿಂಗಳು ಬರುವಂಥದ್ದು. ನಾನೂ ಆಣೆಕಟ್ಟಿನಲ್ಲಿ ಮುಳುಗಿದ ಊರಿನವಳು ಎಂದು ತಿಳಿದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. “ಹಾಗಾದರೆ ನೀವೇ ಒಂದು ದಾಖಲೆ!” ಎಂದರು. ಜೀವಂತ ಇರುವವರಿಗೆ ಹೀಗೆ ಹೇಳಬಾರದು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ನಾನು ನಕ್ಕು ಟ್ಯಾಬ್ ತೆಗೆದುಕೊಂಡೆ.

ಪಟ್ಟಿಯಲ್ಲಿ ಮೂರು ತಾಲೂಕುಗಳಿದ್ದವು, ಗೋಕಾಕದಿಂದ ಶುರುವಾಯಿತು. ನದಿ ದಂಡೆಯ ಓಣಿಗಳಲ್ಲಿ ದೊಡ್ಡ ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂಬ ಗೆರೆ ಗೋಡೆಗಳ ಮೇಲೆ ಇನ್ನೂ ಇತ್ತು. ಕೆಲವರು ಅದರ ಮೇಲೆ ಸುಣ್ಣ ಹೊಡೆದಿದ್ದರು, ಗೆರೆ ಸುಣ್ಣದ ಅಡಿಯಿಂದ ಮತ್ತೆ ಕಾಣುತ್ತಿತ್ತು. ಬಾಗಿಲಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದ ಮುದುಕರೊಬ್ಬರಿಗೆ ಮರಳಿ ಹೋಗುವ ಇಚ್ಛೆಯ ಬಗ್ಗೆ ಕೇಳಿದೆ. “ಮರಳಿ ಎಲ್ಲಿಗೆ ಹೋಗೂದ್ರಿ ಬಾಯಾರ?” ಅಂದರು. “ನಾವು ಹೋದದ್ದ ಎಲ್ಲಿ? ನಾಕ ದಿನ ಸಾಲ್ಯಾಗ ಇದ್ವಿ. ನೀರ ಇಳೀತು, ಬಂದ್ವಿ, ರಾಡಿ ಬಳದ್ವಿ. ಮತ್ತ ಬಂದ್ರ ಮತ್ತ ಸಾಲಿಗೆ ಹೋಗ್ತೇವಿ.” ಇಷ್ಟು ಹೇಳಿ, “ಚಾ ಕುಡೀರಿ” ಎಂದು ಒಳಗೆ ಕೂಗಿದರು. ಅವರ ಉತ್ತರಕ್ಕೆ ಟ್ಯಾಬಿನಲ್ಲಿ ಜಾಗ ಇರಲಿಲ್ಲ.

ಮೂಡಲಗಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಗೋಜಲು. ನೆರೆಯ ನಂತರ ಎತ್ತರದಲ್ಲಿ ಜಾಗ ಸಿಕ್ಕವರು ಅಲ್ಲಿ ಮನೆ ಕಟ್ಟಿಕೊಂಡಿದ್ದರು. ಆದರೆ ಎಮ್ಮೆ, ಹೊಟ್ಟು, ಒಲೆ ಎಲ್ಲ ಕೆಳಗಿನ ಹಳೆಯ ಮನೆಯಲ್ಲಿ. ಹಗಲು ಕೆಳಗೆ, ರಾತ್ರಿ ಮೇಲೆ. ಇವರು ಮರಳಿದವರೋ ಮರಳದವರೋ? ನನ್ನ ಜೊತೆಗಿದ್ದ ಸಹೋದ್ಯೋಗಿ ಮೈಸೂರು ಕಡೆಯವನು, ಇದೇ ವಿಷಯದಲ್ಲಿ ಡಾಕ್ಟರೇಟ್ ಮಾಡಿದವನು, ಮೀಸೆ ಬೆಳ್ಳಗಾಗತೊಡಗಿದ್ದರೂ ಶ್ರದ್ಧೆ ಇನ್ನೂ ಹಸಿಯಾಗಿತ್ತು. ಪ್ರತಿ ಮನೆಯ ಮುಂದೂ ನಿಂತು ಗಂಭೀರವಾಗಿ ಯೋಚಿಸುತ್ತಿದ್ದ. ನಾನು ನೆರಳು ಹುಡುಕುತ್ತಿದ್ದೆ.

ಒಂದು ದಿನ ಅವನು ಹೆಂಗಸರ ಗುಂಪೊಂದಕ್ಕೆ ಕೇಳಿದ: “ನಿಮ್ಮ ಇಚ್ಛೆಗೆ ವಿರುದ್ಧವಾಗಿ ಯಾವಾಗಲಾದರೂ ಊರು ಬಿಟ್ಟಿದ್ದೀರಾ?” ಶೇಂಗಾ ಸುಲಿಯುತ್ತಿದ್ದ ಒಬ್ಬಾಕೆ ತಲೆ ಎತ್ತದೆ, “ಬಿಟ್ಟೇನಲ್ರಿ, ಮದುವ್ಯಾಗ” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. “ಅತ್ತೀ ಮನಿಗೆ ಹೊಂದಕೊಂಡ್ರ್ಯೋ ಇಲ್ಲೋ ಅಂತ ಯಾರೂ ಟ್ಯಾಬ್ ತಗೊಂಡ ಬಂದಿದ್ದಿಲ್ಲ ಬಿಡ್ರಿ” ಎಂದಳು ಇನ್ನೊಬ್ಬಳು. ಸಹೋದ್ಯೋಗಿ ನನ್ನ ಕಡೆ ತಿರುಗಿ, ಇದನ್ನು ದಾಖಲಿಸಬೇಕೇ ಎಂದು ಮೆಲ್ಲಗೆ ಕೇಳಿದ. ಬೇಡಪ್ಪಾ, ಹಾಗೆ ಬರೆಯಹೋದರೆ ಮೂರೂ ತಾಲೂಕಿನ ಎಲ್ಲ ಹೆಂಗಸರೂ ನಿರಾಶ್ರಿತರಾಗುತ್ತಾರೆ ಎಂದೆ. ಸಂಜೆ ಗೋಕಾಕದ ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟು ಕೂತಾಗ ನಮ್ಮ ಮನೆಯವರು, “ಏನಂದ್ರು ಇವತ್ತ?” ಎಂದು ಕೇಳುವರು. “ನಿನ್ನಿ ಅಂದದ್ದನ್ನ ಅಂದ್ರು” ಎನ್ನುವೆ. ಅವರಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು.

ಸಾಕಾಗಲು ಇನ್ನೊಂದು ಕಾರಣವಿತ್ತು. ಪಟ್ಟಿಯ ಕೊನೆಯಲ್ಲಿ ಹುಕ್ಕೇರಿ ತಾಲೂಕಿತ್ತು, ಅದರಲ್ಲಿ ನಮ್ಮ ಊರಿತ್ತು, ಆ ಊರಿನಲ್ಲಿ ಅವ್ವ ಇದ್ದಳು. ಅವ್ವನಿಗೆ ಆ ಪ್ರಶ್ನೆ ಕೇಳಿದರೆ ಏನು ಉತ್ತರ ಬರುತ್ತದೆಂದು ನಾನು ಮೂರು ವರ್ಷದವಳಿದ್ದಾಗಿನಿಂದ ನನಗೆ ಗೊತ್ತಿತ್ತು.

ಅವ್ವ ಹದಿನೈದಕ್ಕೆ ಮದುವೆಯಾಗಿ ಘಟಪ್ರಭೆಯ ದಂಡೆಯ ಊರಿಗೆ ಬಂದವಳು. ನಾನು ಅಂಬೆಗಾಲಿಡುವಾಗ ಅಪ್ಪ ಹೊಲಕ್ಕೆ ನೀರು ತಿರುಗಿಸಲು ಹೋಗಿ ಹಾವು ಕಚ್ಚಿ ಸತ್ತ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಅಪ್ಪನನ್ನು ನಮ್ಮದೇ ಹೊಲದಲ್ಲಿ, ಬಾವಿಯ ಹತ್ತಿರ, ಬೇವಿನ ಗಿಡದ ಕೆಳಗೆ ಕೂರಿಸಿದರು. ಬಾಜೂಕೆ ಇನ್ನೊಂದು ಕುಣಿಗೆ ಆಗುವಷ್ಟು ಜಾಗ ಬಿಟ್ಟಿದ್ದರು, ಅದು ಅವ್ವನದು. ಅದಾದ ಕೆಲವೇ ದಿನಗಳಲ್ಲಿ ಆಣೆಕಟ್ಟಿನ ನೀರು ಬಂತು. ಬಾವಿ, ಗಿಡ, ಅಪ್ಪ, ಅವ್ವನ ಜಾಗ ಎಲ್ಲ ಒಳಗೆ ಹೋದವು. ನಮ್ಮನ್ನು ಎತ್ತರದಲ್ಲಿದ್ದ ಬೇರೆ ಊರಿನ ಮಗ್ಗುಲಿಗೆ ತಂದು ಪ್ಲಾಟು ಕೊಟ್ಟರು. ಅಪ್ಪನ ತಮ್ಮ, ನಮ್ಮ ಕಾಕಾ, ಕೈ ಬಿಡಲಿಲ್ಲ. ಈಗ ಕಾಕಾನ ಮಗನ ಮನೆಯಲ್ಲಿ ಅವ್ವ ಇದ್ದಾಳೆ, ಮೊಮ್ಮಕ್ಕಳನ್ನು ಬೈಯುತ್ತ, ಸೊಸೆಯ ರೊಟ್ಟಿ ದಪ್ಪ ಎನ್ನುತ್ತ, ಯಾವುದಕ್ಕೂ ಕಮ್ಮಿ ಇಲ್ಲದೆ ಇದ್ದಾಳೆ. ಆ ಓಣಿಗೆ ಮಾತ್ರ ಇಂದಿಗೂ ಮುಳುಗಡೆ ಪ್ಲಾಟು ಎಂದೇ ಹೆಸರು.

ಆಣೆಕಟ್ಟಿನ ನೀರು ಬೇಸಿಗೆಯಲ್ಲಿ ಇಳಿಯುತ್ತದೆ. ವೈಶಾಖ ಮುಗಿಯುವ ಹೊತ್ತಿಗೆ ನಮ್ಮ ಹೊಲ ಹೊರಗೆ ಬರುತ್ತದೆ, ಮಳೆ ಜೋರಾದರೆ ಮತ್ತೆ ಮುಳುಗುತ್ತದೆ. ಹಾಗಾಗಿ ಅವ್ವನದು ಒಂದೇ ಬೇಡಿಕೆ. ಜೋಳದಲ್ಲಿ ಹರಳು ಆರಿಸುತ್ತ, ನನ್ನ ತಲೆ ಬಾಚುತ್ತ, ಬಸ್ಸಿಗೆ ಕಾಯುತ್ತ ಅದನ್ನೇ ಹೇಳುವಳು: “ನಾ ಬ್ಯಾಸಗ್ಯಾಗ ಸಾಯಬೇಕವ್ವಾ. ನೀರ ಇಳದಿರತೈತಿ. ನಿಮ್ಮಪ್ಪನ ಬಾಜೂಕ ಕುಂಡರಸ್ರಿ ನನ್ನ. ಹೂಂ ಅನ್ನು.” ನಾನು ಹೂಂ ಅನ್ನುತ್ತಿದ್ದೆ. ಎಲ್ಲರ ಅವ್ವಂದಿರೂ ಹೀಗೆ ಕಾಲ ನೋಡಿ ಸಾಯುತ್ತಾರೆಂದೇ ಸಣ್ಣವಳಿದ್ದಾಗ ತಿಳಿದಿದ್ದೆ.

ದೊಡ್ಡವಳಾದ ಮೇಲೆ ಆ ಹೂಂ ಸುಳ್ಳೆಂದು ಗೊತ್ತಾಯಿತು, ಆದರೂ ಅನ್ನುತ್ತಿದ್ದೆ. ಅದು ಈಗ ಸರಕಾರದ ಜಾಗ. ಊರೂರು ಕುಡಿಯುವ ನೀರು. ಅಲ್ಲಿ ಕುಣಿ ತೋಡಲು ಯಾರು ಬಿಟ್ಟಾರು? ಕಾಕಾನ ಮಗ ಒಮ್ಮೆ ನನ್ನನ್ನು ಹಿತ್ತಲಿಗೆ ಕರೆದು, “ಅಕ್ಕಾ, ದೊಡ್ಡವ್ವನ ಮುಂದ ಹೇಳಬ್ಯಾಡ. ಆದ್ರ ಅದು ಆಗೂ ಮಾತಲ್ಲ” ಎಂದಿದ್ದ. ಅವನಿಗೂ ಗೊತ್ತು, ನನಗೂ ಗೊತ್ತು. ಅವ್ವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳುತ್ತಿದ್ದಳೋ, ನನಗೆ ತಿಳಿಯದು. ನನಗೆ ಎರಡು ಭಯ. ಪ್ರತಿ ಮಳೆಗಾಲ ಅವ್ವ ಎಲ್ಲಿ ಸತ್ತುಬಿಡುತ್ತಾಳೋ ಎಂಬುದು ಒಂದು. ಪ್ರತಿ ಬೇಸಿಗೆ ಇನ್ನೂ ದೊಡ್ಡ ಭಯ: ಸತ್ತರೆ ನನ್ನ ಮಾತು ಸುಳ್ಳಾಗುತ್ತದೆ.

ನಮ್ಮ ಊರಿನ ಸರದಿ ಬಂದದ್ದು ಶೀಗೆ ಹುಣ್ಣಿಮೆಯ ದಿನ. ಆ ದಿನ ಬೇಡ, ಯಾರೂ ಸಿಗುವುದಿಲ್ಲ ಎಂದು ನಾನು ಸಹೋದ್ಯೋಗಿಗೆ ಹೇಳಿದ್ದೆ. ನನಗೆ ಹಬ್ಬಕ್ಕೆ ರಜೆ ಬೇಕಾಗಿದೆ ಎಂದು ಅವನು ತಿಳಿದುಕೊಂಡ. “ಹಬ್ಬದ ದಿನ ಮನೆಯಲ್ಲೇ ಇರುತ್ತಾರಲ್ಲ, ಇನ್ನೂ ಒಳ್ಳೆಯದು” ಎಂದ. ಅವನ ಕಡೆ ಹಬ್ಬ ಮನೆಯಲ್ಲಿ ಆಗುತ್ತದೆ. ನಮ್ಮ ಈ ಹಬ್ಬ ಆಗುವುದು ಹೊಲದಲ್ಲಿ. ಬಸಿರಿಗೆ ಬಯಕೆ ಉಣಿಸಿದ ಹಾಗೆ ಫಲ ಹೊತ್ತ ಭೂಮಿಗೆ ಉಣಿಸುವ ಹಬ್ಬ. ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಊರಿಗೆ ಊರೇ ಹೊಲಕ್ಕೆ ಹೋಗಿ ಬೆಳೆಯ ನಡುವೆ ಚರಗ ಚೆಲ್ಲುತ್ತದೆ. ನಾನು ಇನ್ನೊಮ್ಮೆ ಬಿಡಿಸಿ ಹೇಳಬಹುದಿತ್ತು. ದಣಿದಿದ್ದೆ, ಹೇಳಲಿಲ್ಲ.

ಮುಳುಗಡೆ ಪ್ಲಾಟಿನಲ್ಲಿ ಇಳಿದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಸಾಲು ಸಾಲು ಬೀಗ. ಒಂದು ನಾಯಿ ನಮ್ಮನ್ನು ನೋಡಿ ಬೊಗಳಲೂ ಬೇಸರಪಟ್ಟು ಮಲಗಿತು. ಸಹೋದ್ಯೋಗಿಯ ಮುಖ ಸಣ್ಣದಾಯಿತು. “ಇವರೂ ವಲಸೆ ಹೋಗಿಬಿಟ್ಟರಾ? ಊರಿಗೆ ಊರೇ?” ಎಂದು ಟ್ಯಾಬ್ ತೆಗೆದ. ಬರೆಯಬೇಡ ಮಾರಾಯ, ಉಣ್ಣಲು ಹೋಗಿದ್ದಾರೆ ಎಂದೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕೆ.

ಕಾಕಾನ ಮಗ ಸಂಸಾರ ಸಮೇತ ಸರಕಾರ ಕೊಟ್ಟ ಹೊಲದಲ್ಲಿದ್ದ. ಅವ್ವ ಅಲ್ಲಿರಲಿಲ್ಲ. ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನು ಬೆರಳು ತೋರಿಸುವ ಮೊದಲೇ ನಾನು ಹಿನ್ನೀರಿನ ಕಡೆ ನಡೆದೆ. ಊರ ಇಳಿಜಾರು ಮುಗಿಯುವಲ್ಲೇ ನೀರು. ಅಂಚಿನಲ್ಲಿ ಸೀರೆಯ ನಿರಿಗೆ ಮೇಲೆ ಸಿಕ್ಕಿಸಿಕೊಂಡು ಅವ್ವ ನಿಂತಿದ್ದಳು. ಬುಟ್ಟಿಯಲ್ಲಿ ಕಡುಬು, ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಮೊಸರನ್ನ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿ, ಮುಟಿಗೆಯಲ್ಲಿ ಹಿಡಿದು ನೀರಿಗೆ ಎರಚುತ್ತಿದ್ದಳು. ಚರಗ ಚೆಲ್ಲುವಾಗ ಗಂಡಸರು ಹೊಲದಲ್ಲಿ ಕೂಗುವ ಕೂಗನ್ನೇ ಕೂಗುತ್ತಿದ್ದಳು, ದನಿ ಮಾತ್ರ ಸಣ್ಣದು. ನಮ್ಮ ಹೊಲ ಆ ದಿಕ್ಕಿನಲ್ಲಿ, ನೀರಿನ ತಳದಲ್ಲಿ ಇತ್ತು. ಹೊಸ ಹೊಲಕ್ಕೆ ಅವಳು ಒಂದು ವರ್ಷವೂ ಚರಗ ಚೆಲ್ಲಿದವಳಲ್ಲ. ಮುಳುಗಿದ ಭೂಮಿಗೂ ಹಸಿವು ಇರುತ್ತದೆ ಎನ್ನುವಳು. ಮೀನುಗಳು ಬಂದು ಅನ್ನವನ್ನು ಎಳೆದಾಡುತ್ತಿದ್ದವು.

ಹತ್ತಿರದ ಸಂಬಂಧಿಕರನ್ನು ನಾವೇ ಸಂದರ್ಶಿಸಬಾರದೆಂಬ ನಿಯಮವಿತ್ತು. ಹಾಗಾಗಿ ಸಹೋದ್ಯೋಗಿ ಅವ್ವನ ಎದುರು ಕಲ್ಲಿನ ಮೇಲೆ ಕೂತ. ನಾನು ಒಂದು ಮಾರು ದೂರ ಕೂತು ಕಡುಬು ತಿನ್ನುತ್ತ ಕೇಳಿಸಿಕೊಂಡೆ. ಅವ್ವ ಎಲ್ಲದಕ್ಕೂ ಚೆನ್ನಾಗಿಯೇ ಉತ್ತರಿಸಿದಳು. ನಳ ಬರತೈತಿ. ರೇಶನ್ ಸಿಗತೈತಿ. ಈ ಊರಿನ ಮೂಲದವರ ಮನೆಗಳಿಂದ ಸೊಸೆಯರನ್ನೂ ತಂದಿದ್ದೇವೆ, ಅವರಿಗೆ ಹೆಣ್ಣುಮಕ್ಕಳನ್ನೂ ಕೊಟ್ಟಿದ್ದೇವೆ. ಜಗಳ? “ಆಗ್ತಾವ ಯಪ್ಪಾ, ಮಂದಿ ಅಂದಮ್ಯಾಲ ಜಗಳ ಇರೂದಿಲ್ಲೇನು?” ಸಹೋದ್ಯೋಗಿ ತೃಪ್ತಿಯಿಂದ ಒಂದೊಂದೇ ಗುರುತು ಹಾಕುತ್ತಿದ್ದ. ಬೆರೆತವರೆಂದರೆ ಇವರು ಎಂದು ಅವನ ಮುಖವೇ ಹೇಳುತ್ತಿತ್ತು.

ಆಮೇಲೆ ಕೊನೆಯದನ್ನು ಕೇಳಿದ. “ಅಜ್ಜಿ, ಬಿಟ್ಟು ಬಂದ ಜಾಗಕ್ಕೆ ಮರಳಿ ಹೋಗುವ ಇಚ್ಛೆ ಇದೆಯಾ?”

“ಐತಿ,” ಅಂದಳು ಅವ್ವ.

ಅವನ ಬೆರಳು ಅರ್ಧಕ್ಕೆ ನಿಂತಿತು. ನೀರಿನ ಕಡೆ ನೋಡಿದ, ಅವ್ವನ ಕಡೆ ನೋಡಿದ. ಮುಳುಗಿ ಹೋದ ಊರಿಗೆ ಮರಳುತ್ತೇನೆ ಎಂದವರು ಅವನಿಗೆ ಆವರೆಗೆ ಒಬ್ಬರೂ ಸಿಕ್ಕಿರಲಿಲ್ಲ. “ಯಾವಾಗ ಅಜ್ಜಿ?”

“ಸತ್ತಮ್ಯಾಲ. ಬ್ಯಾಸಗ್ಯಾಗ ಸತ್ರ. ನಮ್ಮ ಮನ್ಯಾಗಿನವರು ಅಲ್ಲೆ ಕುಂತಾರ, ಬಾಜೂಕ ನನ್ನ ಜಾಗಾ ಐತಿ. ನೀರ ಇಳದಾಗ ಒಯ್ದು ಕುಂಡರಸ್ತಾರ. ಅಕೀನ ಕೇಳು, ಹೂಂ ಅಂದಾಳ,” ಎಂದು ನನ್ನ ಕಡೆ ಗದ್ದ ತಿರುಗಿಸಿದಳು. ಸಹೋದ್ಯೋಗಿ ನನ್ನನ್ನು ನೋಡಿದ. ನಾನು ಮೀನು ನೋಡುತ್ತ ಕೂತೆ.

ವಾರದ ಮೇಲೆ ಮೇಡಂ ಫೋನು ಮಾಡಿದರು. ದನಿಯಲ್ಲಿ ಸಡಗರ. ನಿಮ್ಮ ತಾಯಿಯ ಉತ್ತರ ಅದ್ಭುತ, ನಮ್ಮ ಇಡೀ ಅಧ್ಯಯನದ ಹೃದಯವೇ ಅದು, ಸಾವಿನಲ್ಲಿ ಮರಳುವಿಕೆ ಎಂದು ಒಂದು ಅಧ್ಯಾಯವನ್ನೇ ಮಾಡಬಹುದು ಎಂದರು. ನನಗೆ ರೇಗಿತು. ನಾನು ನೂರಾರು ಜನರ ಸಂಕಟವನ್ನು ಅವರ ಹೆಸರಿಲ್ಲದೆ ಹೀಗೇ ಕಟ್ಟಿ ಕಳಿಸಿದವಳು, ಆಗೆಲ್ಲ ರೇಗಿರಲಿಲ್ಲ. ನಮ್ಮ ಅವ್ವನದು ಎಂದ ಕೂಡಲೇ ರೇಗಿತು. “ಮೇಡಂ, ಅದು ಆಗುವ ಮಾತಲ್ಲ. ಅಲ್ಲಿ ಹೂಳಲು ಬಿಡುವುದಿಲ್ಲ” ಎಂದೆ. “ಅದು ಇನ್ನೂ ಮುಖ್ಯವಾದ ಅಂಶ” ಎಂದರು. ಕೆಟ್ಟ ಮನಸ್ಸಿನವರಲ್ಲ ಅವರು, ಆಮೇಲೆ ಅವ್ವನ ಆರೋಗ್ಯವನ್ನೂ ಕೇಳಿದರು. ಬೇಸಿಗೆಯಲ್ಲಿ ಎರಡನೇ ಸುತ್ತು ಇರುತ್ತದೆ, ಎಲ್ಲರಿಗೂ ಅದೇ ಪ್ರಶ್ನೆಯನ್ನು ಫೋನಿನಲ್ಲಿ ಮತ್ತೆ ಕೇಳಿ ಉತ್ತರ ಗಟ್ಟಿ ಮಾಡಿಕೊಳ್ಳುತ್ತೇವೆ ಎಂದು ಹೇಳಿ ಫೋನಿಟ್ಟರು.

ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಎದೆಗಿಳಿಯಿತು. ಸಂಕೇಶ್ವರದ ಆಸ್ಪತ್ರೆಗೆ ಸೇರಿಸಿದೆವು. ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು, ಗಾಳಿಯಲ್ಲಿ ಬೆಲ್ಲದ ಕಮಟು ವಾಸನೆ. ಅವ್ವ ಕಣ್ಣು ಮುಚ್ಚಿ ಮಲಗಿರುವಳು, ಯಾರಾದರೂ ಒಳಗೆ ಬಂದರೆ ಒಂದೇ ಮಾತು ಕೇಳುವಳು: “ಡ್ಯಾಮಿನ್ಯಾಗ ನೀರ ಎಷ್ಟ ಐತ್ರಿ?” ಡಾಕ್ಟರು ರೈತರ ಮನೆಯವರೇ ಇರಬೇಕು, ಉಮೇದಿನಿಂದ ಹೇಳಿದರು: “ತುಂಬ ನೀರ ಐತಿ ಆಯಿ, ಈ ವರ್ಷ ಕಬ್ಬಿಗೇನ ಚಿಂತಿಲ್ಲ ನೋಡ್ರಿ.” ಅವ್ವ ಗೋಡೆಯ ಕಡೆ ಹೊರಳಿದಳು. ತುಂಬಿದ ನೀರನ್ನು ಕೇಳಿ ಮುಖ ತಿರುಗಿಸಿದ ಪೇಷಂಟನ್ನು ಅವರು ಕಂಡಿರಲಿಕ್ಕಿಲ್ಲ.

“ಈಗ ಬ್ಯಾಡವ್ವಾ,” ಎಂದು ನನ್ನ ಕೈ ಹಿಡಿದಳು. “ಈಗ ಸತ್ರ ಎಲ್ಲಿ ಇಡ್ತಿ?” ಅವಳ ಕೈ ಸುಡುತ್ತಿತ್ತು. ಅವ್ವ ಹಟ ಮಾಡಿ ಉಸಿರಾಡುತ್ತಿದ್ದಳು, ಬೇಸಿಗೆಯವರೆಗೆ ಹೇಗಾದರೂ ಜೀವ ಹಿಡಿಯಬೇಕೆಂದು. ಯಾವ ಬೇಸಿಗೆಯಲ್ಲೂ ಆಗದ ಕೆಲಸಕ್ಕಾಗಿ ಅವಳು ಹೀಗೆ ಹೆಣಗುವುದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಎಲ್ಲಿಟ್ಟರೇನು ಅವ್ವಾ, ಮಣ್ಣು ಮಣ್ಣೇ ಅಲ್ಲವೇ ಎಂದು ಕೂಗಬೇಕೆನಿಸಿತು. ಹಾಗೆ ಕೂಗಲು ಬರುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಎದ್ದು ಕೂತಳು, ಸೊಸೆಯ ರೊಟ್ಟಿಗೆ ಕೊಂಕು ತೆಗೆದಳು. ಇನ್ನು ಗುಣವಾದಳೆಂದು ಕಾಕಾನ ಮಗ ಮನೆಗೆ ಕರೆದುಕೊಂಡು ಹೋದ.

ಎರಡನೇ ಸುತ್ತಿನಲ್ಲಿ ಅವ್ವನ ಉತ್ತರ ಬದಲಾಯಿತು. ಮರಳಿ ಹೋಗುವ ಇಚ್ಛೆ ಇದೆಯೇ ಎಂದು ಸಹೋದ್ಯೋಗಿ ಫೋನಿನಲ್ಲಿ ಕೇಳಿದ್ದಕ್ಕೆ, “ಇಲ್ಲ ಯಪ್ಪಾ” ಎಂದಳಂತೆ. ಅವ್ವ ಪೂರ್ತಿ ಬೆರೆತವರ ಸಾಲಿಗೆ ಸೇರಿದಳು. ಮೇಡಂಗೆ ಬೇಸರವಾಗಿ, ನಡುವೆ ಏನಾಯಿತು ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು ಮೇಡಂ, ವಯಸ್ಸಾಗಿದೆ, ಏನೋ ಹೇಳಿರುತ್ತಾಳೆ ಎಂದುಬಿಟ್ಟೆ. ಆದದ್ದು ಬೇರೆ.

ಆ ಫೋನಿಗೂ ಮೊದಲು, ರೋಹಿಣಿ ಮಳೆ ಬೀಳುವ ಮುಂಚೆ, ಅವ್ವ ಹೇಳಿ ಕಳಿಸಿದ್ದಳು: ನೀರು ಇಳಿದಿದೆ, ಜೀವ ಇರುವಾಗ ಒಮ್ಮೆ ಜಾಗ ನೋಡಬೇಕು. ಕಾಲುನೋವು ಶುರುವಾದ ಮೇಲೆ ಅವಳು ಒಳಗಿನವರೆಗೆ ಹೋಗಿರಲೇ ಇಲ್ಲ, ಅಂಚಿನಲ್ಲೇ ನಿಲ್ಲುತ್ತಿದ್ದಳು. ಹುಕ್ಕೇರಿಯಿಂದ ಒಂದು ಟಂಟಂ ರಿಕ್ಷಾ ಗೊತ್ತು ಮಾಡಿಕೊಂಡು ಹೋಗಿ ಅವ್ವನನ್ನು ಹತ್ತಿಸಿಕೊಂಡೆ. ಒಂದು ಹಂತದವರೆಗೆ ಗಾಡಿ ಹೋಯಿತು, ಆಮೇಲೆ ಕಾಲೇ ಗತಿ. ಒಣಗಿದ ಕೆಸರು ಹಪ್ಪಳದ ಹಾಗೆ ಮುರಿಯುತ್ತಿತ್ತು. ಅವಳು ನನ್ನ ಭುಜ ಹಿಡಿದಿದ್ದಳೋ, ನಾನು ಅವಳ ಭುಜ ಹಿಡಿದಿದ್ದೆನೋ, ಇಬ್ಬರ ಮೊಣಕಾಲೂ ಕೂಡಿ ನರಳುತ್ತಿದ್ದವು. ಯಾರೋ ಹಸಿ ಇರುವ ಕಡೆ ಸವತಿಕಾಯಿ ಹಚ್ಚಿದ್ದರು. ಕುರಿಗಳು ಅಲ್ಲಲ್ಲಿ ಹೊಸ ಹುಲ್ಲಿಗೆ ಬಾಯಿ ಹಾಕುತ್ತಿದ್ದವು.

ಬಾವಿಯ ಕಲ್ಲಿನ ಬಾಯಿ ಸಿಕ್ಕಿತು. ಅದರ ಗುರುತಿನಿಂದ ಅವ್ವ ಅಪ್ಪನ ಕಡೆ ನಡೆದಳು. ಅವನ ಗುರುತಿಗೆ ನೆಟ್ಟ ಕಲ್ಲು ಅರ್ಧಕ್ಕಿಂತ ಹೆಚ್ಚು ಹೂಳಿನಲ್ಲಿ ಹೋಗಿತ್ತು. ಬೇವಿನ ಗಿಡದ ಬುಡವೂ ಉಳಿದಿರಲಿಲ್ಲ. ಅವ್ವ ಕೂತು ಅಂಗೈಯಿಂದ ಮಣ್ಣು ಬಳಿದು, ಬಾಟಲಿಯ ನೀರು ಹನಿಸಿ, ವಿಭೂತಿ ಹಚ್ಚಿ, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ ಎಡೆ ಇಟ್ಟಳು. ನೆರಳಿಗೆ ಒಂದು ಕಡ್ಡಿ ಇರಲಿಲ್ಲ. ನಾನು ಸೆರಗನ್ನು ಅವಳ ತಲೆಯ ಮೇಲೆ ಹಿಡಿದು ನಿಂತೆ. ಬಾಜೂಕೆ ಅವಳಿಗೆಂದು ಬಿಟ್ಟ ಜಾಗವನ್ನು ಅವಳು ಬಹಳ ಹೊತ್ತು ನೋಡಿದಳು. ಅಲ್ಲಿಯೂ ಸವತಿಕಾಯಿಯ ಬಳ್ಳಿ ಹಬ್ಬಿತ್ತು.

ಕುರಿ ಕಾಯುವ ಹೆಂಗಸೊಬ್ಬಳು ನಮ್ಮನ್ನು ಕಂಡು ಹತ್ತಿರ ಬಂದಳು. ಅವ್ವ ಅವಳಿಗೆ ರೊಟ್ಟಿ ಕೊಟ್ಟು, “ಮಳಿಗಾಲದಾಗ ಈ ಕಡೆ ಯಾರ ಬರ್ತಾರ ತಂಗೀ?” ಎಂದು ಕೇಳಿದಳು.

“ಯಾರ ಬರ್ತಾರ ಬೇ ಯವ್ವಾ? ಮೀನ ಬರ್ತಾವ,” ಎಂದಳು ಆಕೆ, ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಳ್ಳುತ್ತ. ಆಮೇಲೆ ಕುರಿಗಳ ಹಿಂದೆ ಹೋದಳು.

ಅವ್ವ ಒಂದು ಸವತಿಕಾಯಿ ಕಿತ್ತು ಸೆರಗಿಗೆ ಒರೆಸಿ ಅರ್ಧ ನನಗೆ ಕೊಟ್ಟಳು. ತಿನ್ನುತ್ತ ಕೇಳಿದಳು: “ಗೋಕಾಕಿಂದ ನೀ ಇಲ್ಲಿಗೆ ಬರೂದಂದ್ರ ಹೆಂಗ ಬರ್ತಿ?”

“ಗೋಕಾಕಿಂದ ಹುಕ್ಕೇರಿಗೆ ಬಸ್ಸು. ಹುಕ್ಕೇರಿಯಿಂದ ಊರಿಗೆ ಮತ್ತೊಂದು. ಅಲ್ಲಿಂದ ಟಂಟಂ. ಆಮೇಲ ನಡಿಯೂದು.”

“ಬ್ಯಾಸಗ್ಯಾಗ ಅಷ್ಟ.”

“ಹೂಂ. ಬ್ಯಾಸಗ್ಯಾಗ ಅಷ್ಟ.”

“ನಿನಗೂ ಕಾಲ ನೋಯ್ತಾವ,” ಎಂದಳು. ಇಲ್ಲ ಎನ್ನಲು ಹೋದೆ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು, ಬಾಯಿಂದ ಹಾ ಎಂದು ದನಿ ಬಂದೇಬಿಟ್ಟಿತು. ಅವ್ವ ಕಲ್ಲಿಗೆ ಹಣೆ ಹಚ್ಚಿ ಏನೋ ಹೇಳಿಕೊಂಡಳು, ನನಗೆ ಕೇಳಿಸಲಿಲ್ಲ. ಎದ್ದಳು. ತಿರುಗಿ ನೋಡದೆ ಗಾಡಿಯವರೆಗೆ ನಡೆದಳು.

ವಾಪಸು ಬರುವಾಗ ಊರ ಬಸ್ ಸ್ಟಾಪಿನ ಹತ್ತಿರ ಟಂಟಂ ನಿಲ್ಲಿಸಲು ಹೇಳಿದಳು. ಸ್ಟಾಪಿನ ಹಿಂದೆಯೇ ನಮ್ಮವರ ರುದ್ರಭೂಮಿ. ಅಷ್ಟು ವರ್ಷ ಅದರ ಮುಂದೆ ಹಾಯುವಾಗ ಅವ್ವ ಆ ಕಡೆ ಕಣ್ಣು ಹಾಯಿಸಿದ್ದೂ ನನಗೆ ನೆನಪಿಲ್ಲ. ಅದು ಮಂದಿಯ ಜಾಗ, ನಮ್ಮದಲ್ಲ ಎನ್ನುತ್ತಿದ್ದಳು. ಈಗ ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಉದ್ದಕ್ಕೂ ಅಗಲಕ್ಕೂ ನೋಡಿದಳು. ಬೇಲಿಯ ಪಕ್ಕ ಒಂದು ಸಣ್ಣ ಬೇವಿನ ಗಿಡ ಇತ್ತು.

“ಅಲ್ಲೆ,” ಅಂದಳು. “ನೀ ಬಸ್ಸಿಂದ ಇಳದ್ರ ಕಾಣತೈತಿ.”

ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ, “ಅಪ್ಪ?” ಎಂದೆ.

“ನಿಮ್ಮಪ್ಪಗ ಒಬ್ಬನ ಕುಂತು ರೂಢಿ ಆಗೈತಿ. ನಿನಗ ಆಗೂದಿಲ್ಲ.” ಸೀರೆಗೆ ಹತ್ತಿದ ಕೆಸರಿನ ಪುಡಿ ಜಾಡಿಸಿಕೊಂಡಳು. “ಇನ್ನ ಯಾವಾಗ ಸತ್ರೂ ನಡೀತೈತಿ. ಮಳಿಗಾಲದಾಗೂ ನಡೀತೈತಿ.”

ಎಷ್ಟೋ ವರ್ಷ ನನ್ನಿಂದ ಆಗದ ಮಾತಿಗೆ ಸಲೀಸಾಗಿ ಹೂಂ ಅಂದವಳು ನಾನು. ಇದು ಆಗುವ ಮಾತು. ಕಾಕಾನ ಮಗನಿಗೆ ಹೇಳಿದರೆ ಸಾಕು, ಅವ್ವ ಅಪ್ಪನನ್ನು ಬಿಟ್ಟು ಇಲ್ಲಿ ಕೂರುತ್ತಾಳೆ.

“ಹೂಂ ಅನ್ನು,” ಅಂದಳು ಅವ್ವ.

ಟಂಟಂನವನು ಎಂಜಿನ್ ಆರಿಸಿರಲಿಲ್ಲ. ಹುಕ್ಕೇರಿಯ ಬಸ್ಸು ಬಂದು ನಿಂತಿತು, ನಾಲ್ಕು ಮಂದಿ ಇಳಿದರು, ಹೋಯಿತು. ಅವ್ವ ಕಾಯುತ್ತಿದ್ದಳು. ನನ್ನ ಬಾಯಿಂದ ಹೂಂ ಹೊರಡಲಿಲ್ಲ.